ಗ್ಲೋರಿಯಾಬಾಯಿ ಬಗ್ಗೆ ಹತ್ತು ನಿಮಿಷ ಮಾತಾಡಬೇಕು: ಏನು ಹೇಳಲಿ, ಏನು ಬಿಡಲಿ?

ಕೌದಿ ಅಕ್ಕ, ಚಿತ್ತಾಪುರ ತಾಲೂಕು:

ಎಲ್ಲರಿಗೂ ಶರಣು ಶರಣಾರ್ಥಿ. ನಾ ಇಲ್ಲಿ ಓದೋದೇ ಹೆಚ್ಚು, ಬರಿಯೋದು ಕಮ್ಮಿ. ಈಗ ಒಂದು ಪೇಚಿಗೆ ಸಿಕ್ಕೀನಿ, ಅದಕ್ಕ ಬರೀಲತ್ತೀನಿ.

ಬರೋ ತಿಂಗಳು ಕಲಬುರಗಿಯೊಳಗ ನಮ್ಮ ಕಡಿ ಪಂಚಾಯತಿ ಹೆಣ್ಮಕ್ಕಳು, ಸಂಘದ ಹೆಣ್ಮಕ್ಕಳು ಕೂಡೋ ಕಾರ್ಯಕ್ರಮ ಅದ. ಮಾಜಿ ಅಧ್ಯಕ್ಷೆ ಅಂತ ನನಗೂ ಹತ್ತು ನಿಮಿಷ ಕೊಟ್ಟಾರ. ಜನಸೇವೆ ಮಾಡಿದ ಒಬ್ಬ ಹೆಣ್ಮಗಳ ಬಗ್ಗೆ ಮಾತಾಡ್ರಿ ಅಂದಾರ. ಪ್ರತಿ ವರ್ಷ ನಾವು ಅವೇ ನಾಕು ಹೆಸರು ಹೇಳ್ತೀವಿ, ಫೋಟೊಕ್ಕ ಹಾರ ಹಾಕ್ತೀವಿ, ಸುಸಲಾ ಮಿರ್ಚಿ ತಿಂದು ಮನಿಗಿ ಬರ್ತೀವಿ. ಆ ಹೆಸರಿನವರ ಮ್ಯಾಲ ನನಗೇನೂ ಸಿಟ್ಟಿಲ್ರಿ. ಆದರ ನಾ ಒಂದು ಸಾಲು ಹೇಳೂದ್ರಾಗ ಮುಂದಿನ ಸಾಲು ಕೇಳೋರ ಬಾಯಾಗೇ ಇರ್ತದ.

ನನ್ನ ತಮ್ಮನ ಮಗ ಅಮೆರಿಕದ ಲಾಸ್ ಏಂಜಲೀಸ್‌ದಾಗ ಅದಾನ. ದೀಪಾವಳಿಗೆ ಬಂದಿದ್ದ. ನಾ ಪಡಸಾಲಿಯೊಳಗ ಕೌದಿ ಹಾಸ್ಕೊಂಡು ದಾರ ಹಾಕ್ಲತ್ತಿದ್ದೆ. ಬಾಜೂಕ ಕುಂತು ಚಹಾ ಕುಡ್ಕೋತ, "ಅತ್ತಿ, ನಾನಿರೋ ಊರಾಗ ಒಬ್ಬಾಕಿ ಇದ್ದಳು. ನಿನ್ನಂಗೇ ಎಲೆಕ್ಷನ್ ನಿಂತಾಕಿ, ನಿನ್ನಂಗೇ ಕೌದಿ ಹೊಲಿಯಾಕಿ" ಅಂದ. ಹೆಸರು ಗ್ಲೋರಿಯಾ ಮೊಲಿನಾ. ನಮ್ಮನ್ಯಾಗ ಆ ದಿನದಿಂದ ಗ್ಲೋರಿಯಾಬಾಯಿ ಆಗ್ಯಾಳ.

ಅವ ಹೇಳಿದ್ದು ಇಷ್ಟು. ಹುಟ್ಟಿದ್ದು 1948ರಾಗ. ಮೆಕ್ಸಿಕೊ ಮೂಲದ ಕೂಲಿ ಮನೆತನ. ಹತ್ತು ಮಕ್ಕಳಾಗ ಹಿರೀಕಿ. ಅಪ್ಪಗ ಕೆಲಸದಾಗ ಪೆಟ್ಟು ಬಿದ್ದ ಮ್ಯಾಲ ಮನಿ ಭಾರ ಇಕಿ ಹೆಗಲಿಗಿ ಬಂತು. ವಕೀಲರ ಆಫೀಸಿನಾಗ ಟೈಪ್ ಮಾಡ್ಕೋತ ಕಾಲೇಜು ಓದಿದಳು. ಸ್ಪ್ಯಾನಿಷ್ ಮಾತಿನ ಮನೆತನದ ಹೆಣ್ಮಕ್ಕಳಿಗೆ ಅಲ್ಲಿ ಲ್ಯಾಟಿನಾ ಅಂತಾರಂತ. 1982ರಾಗ ಕ್ಯಾಲಿಫೋರ್ನಿಯಾ ವಿಧಾನಸಭೆಗೆ ಹೋದ ಮೊದಲ ಲ್ಯಾಟಿನಾ ಇಕಿ. 1987ರಾಗ ಲಾಸ್ ಏಂಜಲೀಸ್ ನಗರಸಭೆಗೂ ಮೊದಲನೇಕಿ. 1991ರಾಗ ಅಲ್ಲಿನ ಕೌಂಟಿಗೆ ಸೂಪರ್‌ವೈಜರ್ ಆದಳು, ಅಲ್ಲೂ ಮೊದಲನೇಕಿ. 2014ರ ತನಕ ಆ ಕುರ್ಚಿಮ್ಯಾಲ ಇದ್ದಳು. 2023ರ ಮೇ 14ಕ್ಕ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವತ್ತು ಅಲ್ಲಿ ತಾಯಂದಿರ ದಿನ ಇತ್ತಂತ.

ನನ್ನ ಪೇಚು ಈಗ ಹೇಳ್ತೀನಿ. ಮೊನ್ನಿ ಸಂಘದಾಗ ನಾಕು ಮಂದಿ ಮುಂದ ಹೇಳಿ ನೋಡಿದೆ. "ಸೂಪರ್‌ವೈಜರ್ ಆದಳು" ಅಂದೇಟಿಗೆ ಒಬ್ಬಾಕಿ, "ಅಂಗನವಾಡಿ ಸೂಪರ್‌ವೈಜರಾ ಅಕ್ಕಾ?" ಅಂದಳು. ಇನ್ನೊಬ್ಬಾಕಿ, "ವಿಧಾನಸಭಾ ಬಿಟ್ಟು ಯಾಕ ಸೂಪರ್‌ವೈಜರ್ ಆದಳವ್ವ, ಸೋತಳೇನು?" ಅಂತ ಕೇಳಿದಳು. ನನಗ ಉತ್ತರ ಹೇಳ್ಲಿಕ್ಕ ಬರಲಿಲ್ಲ. ಆ ಹುದ್ದಿಗೆ ನಮ್ಮ ಮಾತಿನಾಗ ಏನಂತಾರ?

ಇನ್ನೊಂದು. ಭಾಷಣದ ಜೋಡಿ ಒಂದು ಸಣ್ಣ ಕೌದಿ ಹೊಲೀಲತ್ತೀನಿ, ಸಭಾದಾಗ ಹಾಸಿ ತೋರಿಸ್ಲಿಕ್ಕ. ನಡುವ ನಾಕು ದೊಡ್ಡ ತುಂಡು ಹಚ್ಚಬೇಕಂತ ಅಳತಿ ಹಿಡಿದೀನಿ. ಒಂದೊಂದು ತುಂಡು ಗ್ಲೋರಿಯಾಬಾಯಿ ಬದುಕಿಂದು ಒಂದೊಂದು ಸಂಗತಿ. ಯಾವ ನಾಕು ಆರಿಸಲಿ? ಐದು ಕೊಡಬ್ಯಾಡ್ರಿ, ಅರಿಬಿ ಇಲ್ಲ.

ನಿವೃತ್ತ ಪಿಡಿಒ, ಭಾಲ್ಕಿ:

ಅಕ್ಕೋರೆ, ಶರಣ್ರಿ. ನಿಮ್ಮ ಸಂಘದವರು ಕೇಳಿದ್ದು ತಪ್ಪಲ್ಲ. ಸೂಪರ್‌ವೈಜರ್ ಅಂದ್ರೆ ನಮ್ಮಲ್ಲಿ ಹಾಜರಿ ತಗೊಳ್ಳೋರು. ಅಲ್ಲಿ ಹಾಗಲ್ಲ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಲಾಸ್ ಏಂಜಲೀಸ್ ಕೌಂಟಿಯೊಳಗೆ ಒಂದು ಕೋಟಿಗೆ ಹತ್ತಿರ ಜನ. ಅಷ್ಟು ಜನರಿಗೆ ಐದೇ ಮಂದಿ ಸೂಪರ್‌ವೈಜರ್‌ಗಳು. ಲೆಕ್ಕ ಹಾಕ್ರಿ, ಒಬ್ಬೊಬ್ಬರ ಪಾಲಿಗೆ ಸುಮಾರು 20 ಲಕ್ಷ. 2011ರ ಜನಗಣತಿ ಪ್ರಕಾರ ನಮ್ಮ ಇಡೀ ಬೀದರ್ ಜಿಲ್ಲೆಯದೇ 17 ಲಕ್ಷ, ಯಾದಗಿರಿದು 11 ಲಕ್ಷದ ಮೇಲೆ. ಅಂದ್ರೆ ಒಂದು ಜಿಲ್ಲೆಯ ಜನರಿಗೆಲ್ಲ ಒಬ್ಬರೇ ಪ್ರತಿನಿಧಿ.

ಅಧಿಕಾರನೂ ಹಂಗೇ. ನಮ್ಮಲ್ಲಿ ಜಿಲ್ಲಾ ಪಂಚಾಯತಿ ಠರಾವು ಮಾಡ್ತದ, ಜಿಲ್ಲಾಧಿಕಾರಿ ಬೇರೆ, ಜಿಲ್ಲಾಸ್ಪತ್ರೆ ಬೇರೆ, ಜೈಲು ಬೇರೆ. ಅಲ್ಲಿ ಕಾಯ್ದೆ ಮಾಡೋದೂ ಆ ಐವರೇ, ಆಡಳಿತ ನಡೆಸೋದೂ ಆ ಐವರೇ. ಸರ್ಕಾರಿ ಆಸ್ಪತ್ರೆ, ಜೈಲಿನ ಬಜೆಟ್ಟು, ದಿಕ್ಕಿಲ್ಲದ ಮಕ್ಕಳ ಪಾಲನೆ, ಎಲ್ಲಾ ಅವರ ಕೈಯಾಗ. ಹಿಂದೆಲ್ಲ ಅಲ್ಲಿನ ಜನ ಅವರಿಗೆ "ಐದು ಜನ ಚಿಕ್ಕ ರಾಜರು" ಅಂತಿದ್ರು. ಆ ಐದು ಕುರ್ಚಿಯಲ್ಲಿ ಒಂದರ ಮೇಲೆ ಕೂಲಿಯವನ ಹಿರೇಮಗಳು ಕುಂತಳು ಅಂತ ಹೇಳ್ರಿ, "ಸೋತಳೇನು" ಅಂತ ಯಾರೂ ಕೇಳೋದಿಲ್ಲ.

ನಾನಾದ್ರೆ "ಜಿಲ್ಲೆಯ ಐವರು ಯಜಮಾನರಲ್ಲಿ ಒಬ್ಬಾಕಿ" ಅಂತೀನಿ. ಕಡತದ ಭಾಷೆ ಅಲ್ಲ, ಆದರೆ ತಿಳೀತದ.

ಇನ್ನೊಂದು ಸಂಗತಿ ನೋಡ್ರಿ. ಆಕೆ ನಗರಸಭೆಗೆ ಗೆದ್ದದ್ದು 1987ರ ಫೆಬ್ರುವರಿ. ಅದಕ್ಕೆ ಒಂದು ತಿಂಗಳು ಮೊದಲು, ಅದೇ ಜನವರಿಯಲ್ಲಿ ನಮ್ಮ ರಾಜ್ಯದಾಗ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಚುನಾವಣೆ ಆಯ್ತು. ಪಂಚಾಯತಿ ಮಂತ್ರಿ ನಜೀರ್ ಸಾಬ್ ಅವರ ಕಾಲ. ಹೆಣ್ಮಕ್ಕಳಿಗೆ ನೂರಕ್ಕೆ 25 ಸೀಟು ಮೀಸಲಿಟ್ಟ ಚುನಾವಣೆ ಅದು. ದಿಲ್ಲಿಯವರು ಇಡೀ ದೇಶದ ಪಂಚಾಯತಿಗಳಾಗ ಹೆಣ್ಮಕ್ಕಳಿಗೆ ಸೀಟು ಮೀಸಲಿಡೋ 73ನೇ ತಿದ್ದುಪಡಿ ಸಂವಿಧಾನಕ್ಕೆ ತಂದದ್ದು 1992ರಲ್ಲಿ, ನಮ್ಮದು ಅದಕ್ಕೂ ಐದು ವರ್ಷ ಮೊದಲು. ನಾನಾಗ ಹೊಸದಾಗಿ ನೌಕರಿಗೆ ಸೇರಿದ್ದೆ. ಮಂಡಲ ಆಫೀಸಿನಾಗ ಹೆಣ್ಮಕ್ಕಳಿಗೆ ಕೂಡಲಿಕ್ಕೆ ಕುರ್ಚಿ ಇರಲಿಲ್ಲ, ಶಾಲೆಯಿಂದ ಬೆಂಚು ಹೊತ್ತು ತಂದಿದ್ವಿ. ಒಬ್ಬ ಹಿರಿಯಾಕಿ ಬೆಂಚಿನ ಮೇಲೆ ಕೂಡಲೊಲ್ಲದೆ ಎರಡು ಮೀಟಿಂಗು ನೆಲದ ಮೇಲೇ ಕುಂತಿದ್ದರು. ಮೂರನೇ ಮೀಟಿಂಗಿಗೆ ತಾವೇ ಹೋಗಿ ಬೆಂಚಿನ ನಡುವೆ ಕುಂತರು. ಇದು ನಿಮ್ಮ ಭಾಷಣಕ್ಕೆ ಬೇಕಾದ್ರೆ ತಗೊಳ್ರಿ.

ಭೀಮಾ ದಂಡಿಯವ, ಯಾದಗಿರಿ:

ಅಕ್ಕಾ, ಬೇಜಾರಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಾಕಿ ಯಾಕ ಬೇಕು? ನಮ್ಮ ಪಂಚಾಯತಿ ಆಫೀಸಿನಾಗ ಹಿಂದಿನ ಅಧ್ಯಕ್ಷರ ಹೆಸರಿನ ಬೋರ್ಡ್ ಅದ. ಅದರಾಗ ಐದು ಹೆಣ್ಮಕ್ಕಳ ಹೆಸರು ಅವ. ಐದಕ್ಕೂ ಮುಂದ ಗಂಡನ ಹೆಸರು, ಅವರ ಹೆಸರಿಗಿಂತ ದೊಡ್ಡ ಅಕ್ಷರದಾಗ. ಮೊದಲು ಆ ಬೋರ್ಡ್ ಬರೆಸಿದವರಿಗಿ ಏನಾರ ಹೇಳ್ರಿ.

ಮತ್ತ ದೇವರನ್ನಾಗಿ ಮಾಡಬ್ಯಾಡ್ರಿ. ನಾನೂ ಓದೀನಿ. ಊರ ನಡುವ ಮೆಕ್ಸಿಕನ್ ಮೂಲದವರ ಇತಿಹಾಸಕ್ಕ ಒಂದು ಮ್ಯೂಜಿಯಂ ಆಗಬೇಕು ಅಂತ ಹಟ ಹಿಡಿದು ಕಟ್ಟಿಸಿದಾಕಿ ಅಕಿನೇ. 2011ರಾಗ ಅದು ತೆರೀತು. ಅದನ್ನ ಕಟ್ಟೋ ಮುಂದ ಅಡಿಪಾಯ ತೋಡಿದ್ರ ಹಳೀ ಸ್ಮಶಾನ ಸಿಕ್ತು. ನೂರಕ್ಕೂ ಹೆಚ್ಚು ಜನರ ಎಲುಬು ಹೊರಗ ತಗದ್ರು. ಆ ನೆಲದ ಮೂಲ ನಿವಾಸಿಗಳು "ಇವರು ನಮ್ಮ ಹಿರಿಯರು" ಅಂತ ಜಗಳಕ್ಕ ನಿಂತರು, ಆಮ್ಯಾಲ ಅವನ್ನ ತಿರುಗಿ ಅಲ್ಲೇ ಮಣ್ಣು ಮಾಡ್ಬೇಕಾತು. ತನ್ನ ಜನರ ನೆನಪಿಗಿ ಕಟ್ಟಿದ ಮನಿ ಇನ್ನೊಬ್ಬರ ಹಿರಿಯರ ಮ್ಯಾಲ ನಿಂತಿತ್ತು. ಇದನ್ನೂ ಹೇಳ್ತೀರೇನು?

ಕೊನೀಗಿ 2015ರಾಗ ಮತ್ತ ನಗರಸಭೆಗೆ ನಿಂತು ಸೋತಳು. ಅಧಿಕಾರ ಬಿಡೋದು ಯಾರಿಗೂ ಸುಲಭ ಅಲ್ಲ.

ಕೌದಿ ಅಕ್ಕ:

ತಮ್ಮಾ, ಬೇಜಾರಿಲ್ಲ. ಎಲುಬಿನ ಸಂಗತಿ ನನ್ನ ಅಳಿಯ ಹೇಳಿರಲಿಲ್ಲ. ಕೇಳಿ ಹೊಟ್ಟಿಯೊಳಗ ಕಸಿವಿಸಿ ಆತು. ಬೋರ್ಡಿನ ಮಾತು ನೂರಕ್ಕ ನೂರು ಖರೇ. ನಮ್ಮ ಬೋರ್ಡ್‌ದಾಗ ನನ್ನ ಹೆಸರು ತಪ್ಪು ಬರದಾರ. ನಮ್ಮ ಮನಿಯವರ ಹೆಸರು ಮಾತ್ರ ಸರಿ ಅದ.

ಆಳಂದದ ಹುಡುಗ, ಸದ್ಯ ಲಾಸ್ ಏಂಜಲೀಸ್:

ಅಕ್ಕಾ, ನಾನು ನಿಮ್ಮ ಅಳಿಯ ಅಲ್ಲ, ಆದರೆ ಇದೇ ಊರಲ್ಲಿದ್ದೀನಿ. ನನ್ನ ಆಫೀಸಿನಿಂದ ಆಕೆಯ ಹೆಸರಿನ ಪಾರ್ಕಿಗೆ ನಡೆದು ಹೋಗಬಹುದು. ಕಣ್ಣಿಗೆ ಕಂಡದ್ದು ಹೇಳ್ತೀನಿ.

ನಗರಸಭೆಯ ಬಿಳಿ ಗೋಪುರದ ಎದುರಿನಿಂದ ಶುರುವಾಗಿ ಗುಡ್ಡದ ಮೇಲಿನ ಸಂಗೀತ ಮಂದಿರದ ತನಕ ಮೆಟ್ಟಿಲು ಮೆಟ್ಟಿಲಾಗಿ ಏರೋ ಪಾರ್ಕು ಅದು. 12 ಎಕರೆ. 2012ರಲ್ಲಿ ತೆರೆದರು. ಆಗ ಅದರ ಹೆಸರು ಗ್ರ್ಯಾಂಡ್ ಪಾರ್ಕ್ ಅಷ್ಟೇ. ಎರಡೂ ಬದಿಗೆ ಸರ್ಕಾರಿ ಕಚೇರಿಗಳು, ಕೋರ್ಟು. ಮೊದಲು ಆ ಜಾಗದಲ್ಲಿ ವಾಹನ ನಿಲ್ಲಿಸೋ ಇಳಿಜಾರುಗಳೇ ಜಾಸ್ತಿ ಇದ್ದವಂತೆ, ಹುಲ್ಲು ಇದ್ದರೂ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಈಗ ಹೋದರೆ ಮೊದಲು ಕಾಣೋದು ಬಣ್ಣ. ಬೆಂಚು, ಕುರ್ಚಿ, ಮೇಜು ಎಲ್ಲಾ ಗಾಢ ಗುಲಾಬಿ. ನಮ್ಮ ಕಡೆ ರಾಣಿ ಬಣ್ಣ ಅಂತೀವಲ್ಲ, ಮದುವೆ ಸೀರೆಯದು, ಅದೇ. ಕೋರ್ಟಿನ ಕೆಲಸಕ್ಕೆ ಬಂದ ಜನ ಅಲ್ಲಿ ಕುಂತು ಬುತ್ತಿ ಬಿಚ್ಚುತ್ತಾರೆ. ಮೇಲೆ ಹಳೆಯ ಕಾರಂಜಿ ಇದೆ, ಅದರ ಮುಂದೆ ಪಾದ ಮುಳುಗೋವಷ್ಟು ನೀರು ಹರಡಿರ್ತದೆ. ಬೇಸಿಗೆಯಲ್ಲಿ ಪೂರ್ವ ಭಾಗದ ಬಡ ಓಣಿಗಳಿಂದ ತಾಯಂದಿರು ಮಕ್ಕಳನ್ನ ಮೆಟ್ರೊ ಹತ್ತಿಸಿಕೊಂಡು ಬಂದು ಅದರಾಗ ಬಿಡ್ತಾರೆ. ಮಕ್ಕಳು ಬಟ್ಟೆ ತೋಯಿಸಿಕೊಂಡು ಕೂಗಾಡೋದು, ಪಕ್ಕದಲ್ಲೇ ಟೈ ಕಟ್ಟಿದ ವಕೀಲರು ಫೋನ್‌ನಲ್ಲಿ ಮಾತಾಡೋದು, ಎರಡೂ ಒಟ್ಟೊಟ್ಟಿಗೆ. 2023ರ ಮಾರ್ಚಿಯಲ್ಲಿ ಆಕೆ ತನ್ನ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ ಅಂತ ಜನರಿಗೆ ತಾನೇ ತಿಳಿಸಿದಳು. ಆಕೆ ಬದುಕಿದ್ದಾಗಲೇ ಪಾರ್ಕಿಗೆ ಆಕೆಯ ಹೆಸರಿಡೋ ತೀರ್ಮಾನ ಆಯ್ತು. ಸತ್ತ ಮೇಲೆ ಹೆಸರಿಡೋ ನಮ್ಮ ಪದ್ಧತಿಗಿಂತ ಇದು ನನಗೆ ಇಷ್ಟ ಆಯ್ತು.

ಒಂದು ತುಂಡು ಮಾತ್ರ ಬಿಡಬೇಡಿ. ವಾರ್ಡ್ ಹಂಚಿಕೆ. ನಮ್ಮೂರಲ್ಲಿ ನೋಡೀವಲ್ಲ, ಒಂದು ತಾಂಡಾನೋ ಒಂದು ಓಣಿನೋ ಎಲ್ಲಾ ಸೇರಿ ಓಟು ಹಾಕಿದ್ರೆ ತಮ್ಮವರನ್ನ ಗೆಲ್ಲಿಸ್ತಾರೆ ಅಂತ ಗೊತ್ತಾದರೆ, ಅದನ್ನ ಮೂರು ವಾರ್ಡಿಗೆ ಹರಿದು ಹಂಚಿಬಿಡ್ತಾರೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಅದನ್ನೇ ಮಾಡಿದ್ದರು. ಇಪ್ಪತ್ತನೇ ಶತಮಾನದಲ್ಲಿ ಒಬ್ಬ ಲ್ಯಾಟಿನೊ ಕೂಡ ಆ ಐದು ಕುರ್ಚಿಗೆ ಬಂದಿರಲಿಲ್ಲ. ಕೊನೆಯವರು ಇದ್ದದ್ದು 1875ರಲ್ಲಿ. 1988ರಲ್ಲಿ ಕೇಸು ಹಾಕಿದರು. 1990ರಲ್ಲಿ ಫೆಡರಲ್ ನ್ಯಾಯಾಧೀಶರು, ಇದು ಬೇಕಂತಲೇ ಎಳೆದ ಗೆರೆ ಅಂತ ತೀರ್ಪು ಕೊಟ್ಟರು. ಗೆರೆ ಹೊಸದಾಗಿ ಎಳೆಸಿದರು. ಆ ಹೊಸ ಗೆರೆಯೊಳಗೆ 1991ರ ಫೆಬ್ರುವರಿಯಲ್ಲಿ ನಡೆದ ಚುನಾವಣೆಯಲ್ಲೇ ಈಕೆ ಗೆದ್ದದ್ದು. ಒಬ್ಬಾಕೆಯ ಧೈರ್ಯ ಅಂತಷ್ಟೇ ಹೇಳಿದರೆ ಕೇಸು ನಡೆಸಿದವರ ದುಡಿಮೆ ಮಾಯವಾಗ್ತದೆ.

ಇನ್ನೊಂದು, 1982ರ ಕಥೆ. ವಿಧಾನಸಭೆಗೆ ನಿಲ್ತೀನಿ ಅಂದಾಗ ಅಡ್ಡ ಬಂದವರು ಹೊರಗಿನವರಲ್ಲ, ಆಕೆಯದೇ ಸಮುದಾಯದ ಗಂಡಸು ನಾಯಕರು. ಈ ಸಲ ನಮ್ಮ ಹುಡುಗ ನಿಲ್ಲಲಿ, ನೀನು ಕಾಯಿ ಅಂದರು. ಆಕೆ ಕಾಯಲಿಲ್ಲ. ಹೆಣ್ಮಕ್ಕಳ ಸಂಘಟನೆಯಲ್ಲಿ ಜೊತೆಗಿದ್ದವರನ್ನ ಕರಕೊಂಡು ಮನೆ ಮನೆ ತಿರುಗಿದಳು, ಗೆದ್ದಳು.

ಯಾದಗಿರಿ ಅಣ್ಣಾ, 2015ರ ಸೋಲು ಖರೇ. ಆಕೆಯನ್ನ ಸೋಲಿಸಿದ ಸದಸ್ಯರು ಆಮೇಲೆ ಲಂಚದ ಕೇಸಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು ಅನ್ನೋದೂ ಖರೇ.

ಸೇಡಂ ಸಿಸ್ಟರ್:

ಅಕ್ಕಾ, ನಾ ಸರ್ಕಾರಿ ಆಸ್ಪತ್ರೆದಾಗ ಹೆರಿಗೆ ವಾರ್ಡಿನಾಗ ಇಪ್ಪತ್ತೆರಡು ವರ್ಷ ಕೆಲಸ ಮಾಡೀನಿ. ಪಾರ್ಕು, ಕುರ್ಚಿ ಬಣ್ಣ ಎಲ್ಲಾ ಛಂದ ಅದ. ನೀವು ಹೇಳಲೇಬೇಕಾದ್ದು ಬ್ಯಾರೇನೇ ಅದ.

1960ರ ಕೊನಿ, 70ರ ಸುರುವಾತ್. ಲಾಸ್ ಏಂಜಲೀಸಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಮೆಕ್ಸಿಕನ್ ಬಡ ಹೆಣ್ಮಕ್ಕಳು ಹೆರಿಗೆಗೆ ಬರ್ತಿದ್ದರು. ಮಾತಾಡೋದು ಸ್ಪ್ಯಾನಿಷ್. ಬ್ಯಾನಿ ತಿನ್ನೋ ಮುಂದ ಅವರ ಕೈಯಾಗ ಇಂಗ್ಲಿಷ್ ಫಾರಂ ಕೊಟ್ಟು ಸಹಿ ಹಾಕಿಸಿಕೊಂಡರು. ಕೆಲವರಿಗಂತೂ ಸಿಜೇರಿಯನ್ ಮಾಡೋ ಹೊತ್ತಿನಾಗ ಮಕ್ಕಳಾಗದಂಗ ಆಪರೇಷನ್ ಮಾಡಿಬಿಟ್ಟರು. ಮನಿಗಿ ಹೋಗಿ ಎಷ್ಟೋ ದಿನ ಆದ ಮ್ಯಾಲ ಗೊತ್ತಾತು ತಮಗಿನ್ನ ಮಕ್ಕಳಾಗೋದಿಲ್ಲಂತ. ಹತ್ತು ಹೆಣ್ಮಕ್ಕಳು ಕೋರ್ಟಿಗಿ ಹೋದರು. ಮ್ಯಾಡ್ರಿಗಲ್ ಅಂಬಾಕಿ ಹೆಸರಿಲೆ ಆ ಕೇಸು ಇವತ್ತಿಗೂ ಪ್ರಸಿದ್ಧಿ ಅದ. ಅವರ ಬೆನ್ನಿಗಿ ನಿಂತದ್ದು ಮೆಕ್ಸಿಕನ್ ಹೆಣ್ಮಕ್ಕಳ ಒಂದು ಸಂಘಟನೆ, ಅದರ ಮುಂಚೂಣಿಯೊಳಗ ಇದ್ದಾಕಿ ನಿಮ್ಮ ಗ್ಲೋರಿಯಾಬಾಯಿ. ಆಗಿನ್ನ ಯಾವ ಕುರ್ಚಿನೂ ಇರಲಿಲ್ಲ.

1978ರಾಗ ಕೇಸು ಸೋತಿತು. ಡಾಕ್ಟರ್‌ಗಳದು ತಪ್ಪಿಲ್ಲ ಅಂದ್ರು ನ್ಯಾಯಾಧೀಶರು. ಆದರ ಗದ್ದಲ ಎಷ್ಟಾಗಿತ್ತಂದ್ರ ಫಾರಂ ಸ್ಪ್ಯಾನಿಷ್‌ದಾಗೂ ಬಂತು, ಸಹಿ ಹಾಕಿದ ಮ್ಯಾಲ ಕಾಯೋ ಅವಧಿ ಬಂತು, ಅವರ ಮಾತು ಬಲ್ಲವರನ್ನ ಕೂಡಿಸಿ ತಿಳಿಸಿ ಹೇಳಬೇಕು ಅಂತ ಆತು. 2018ರಾಗ ಕೌಂಟಿ ಮಂಡಳಿ ಆ ಹೆಣ್ಮಕ್ಕಳ ಮುಂದ ತಪ್ಪಾತು ಅಂತ ಕ್ಷಮಾ ಕೇಳಿತು. ನಾಕು ದಶಕ ಬೇಕಾದವು ನೋಡ್ರಿ.

ಇನ್ನ ಮುಂದಿನದು ಕೇಳ್ರಿ. 1991ರಾಗ ಅಕಿ ಸೂಪರ್‌ವೈಜರ್ ಆದಳಲ್ಲ, ಅದೇ ಆಸ್ಪತ್ರೆ ಅಕಿ ಮಂಡಳಿ ಕೈಕೆಳಗೇ ಬಂತು. 1994ರ ಭೂಕಂಪದಾಗ ಕಟ್ಟಡ ಹಾಳಾತು. ಹೊಸದು ಕಟ್ಟೋ ಮುಂದ ಅಕಿ 750 ಹಾಸಿಗಿ ಬೇಕೇಬೇಕು ಅಂತ ಹಟ ಹಿಡಿದಳು. ಉಳಿದವರು 600ಕ್ಕ ನಿಲ್ಲಿಸಿದರು. ಜಗಳ ಮಾಡಿದಳು, ಸೋತಳು. 600ರದೇ ಕಟ್ಟಿದರು, 2008ರಾಗ ತೆರೀತು. ಹಾಸಿಗಿ ಲೆಕ್ಕಕ್ಕ ಜಗಳ ಮಾಡೋ ಪುಢಾರಿ ನನ್ನ ಇಪ್ಪತ್ತೆರಡು ವರ್ಷದಾಗ ನಾ ಒಬ್ಬರನ್ನೂ ನೋಡಿಲ್ಲ. ಒಂದು ಹಾಸಿಗಿಮ್ಯಾಲ ಇಬ್ಬರು ಬಾಣಂತ್ಯರನ್ನ ತಲಿಗೊಬ್ಬರ ಕಾಲಿಗೊಬ್ಬರ ಮಲಗಿಸಿದ ರಾತ್ರಿ ಎಷ್ಟೋ ಅವ. ಅದಕ್ಕ ಆ 150 ಹಾಸಿಗಿ ನನ್ನ ತಲಿಯಿಂದ ಹೋಗವಲ್ಲವು.

ನಮ್ಮ ಕಡಿ ತಾಂಡಾದ ಹೆಣ್ಮಕ್ಕಳಿಗೆ ಬೆನ್ನು ನೋವು ಅಂತ ಹೋದರ ಗರ್ಭಕೋಶ ತಗಸ್ಕೊಂಡು ಬಂದ ಕಥಿ ನಿಮಗ ಗೊತ್ತೇ ಅದ, ನಾ ಬಿಡಿಸಿ ಹೇಳೋದಿಲ್ಲ. ನೀವು ಆ ಫಾರಂ ಸಂಗತಿ ಹೇಳ್ರಿ, ಸಭಾದಾಗ ಹಿಂದ ಕುಂತು ಹರಟಿ ಹೊಡಿಯೋರೂ ಮುಂದ ಬಂದು ಕೂಡ್ತಾರ.

ಕೌದಿ ಅಕ್ಕ:

ಸಿಸ್ಟರ್, ನೀವು ಬರದದ್ದು ನಿನ್ನಿ ರಾತ್ರಿ ಓದಿದೆ. ನಿದ್ದಿ ಬರಲಿಲ್ಲ. ಫಾರಂ ಸಂಗತಿ ನನ್ನ ಅಳಿಯ ಹೇಳಿರಲಿಲ್ಲ. ಗಂಡು ಹುಡುಗ, ಅತ್ತಿ ಮುಂದ ಹೇಳ್ಲಿಕ್ಕ ನಾಚಿಕಿ ಬಂದಿರಬೇಕು.

ಸಹಿ ಅಂದಮ್ಯಾಲ ನನ್ನದೂ ಒಂದು ಹೇಳಬೇಕು. ಇಲ್ಲೀತನಕ ಮನಿಯಾಗೂ ಪೂರಾ ಹೇಳಿಲ್ಲ.

2010ರಾಗ ಹೆಣ್ಮಕ್ಕಳಿಗೆ ಅರ್ಧ ಸೀಟು ಅಂತ ಆತಲ್ಲ, ಆ ಸಲ ನಾ ಆರಿಸಿ ಬಂದೆ. ಐದನೇತ್ತ ಓದೀನಿ. ಮೀಸಲಾತಿ ನಮ್ಮ ಕಡಿ ಬಂದಿತ್ತು, ಅಧ್ಯಕ್ಷೆ ಮಾಡಿದರು. ಮೀಟಿಂಗ್ ಅಂದ್ರ ಹಿಂಗ: ಹನ್ನೊಂದಕ್ಕ ಅಂತಿದ್ರು, ಒಂದಕ್ಕ ಕೂಡ್ತಿದ್ರು. ಕೂಡ್ಲಿಕ್ಕಿಲ್ಲ, ಠರಾವು ಪುಸ್ತಕ ನನ್ನ ಮುಂದ ಬರ್ತಿತ್ತು. ಬಿಳೀ ಹಾಳಿ. "ಅಕ್ಕೋರೆ, ಇಲ್ಲೊಂದು, ಇಲ್ಲೊಂದು ಸಹಿ, ಆಮ್ಯಾಲ ನಾವು ಬರ್ಕೋತೀವಿ" ಅಂತಿದ್ರು. ನಾ ನಾಲಿಗಿ ಕಚ್ಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕ್ತಿದ್ದೆ. ಹೆಬ್ಬೆಟ್ಟು ಒತ್ತೋದಿಲ್ಲ ನಾನು, ಸಹಿ ಮಾಡ್ತೀನಿ ಅನ್ನೋ ಸೊಕ್ಕು ಬ್ಯಾರೆ. ಹೊರಗ ಜೀಪಿನಾಗ ಮನಿಯವರು ಕುಂತಿರ್ತಿದ್ರು. ಚಹಾ ಕುಡಿದು ಎದ್ದು ಬರ್ತಿದ್ದೆ. ಒಂಬತ್ತು ತಿಂಗಳು ಹಿಂಗೇ ನಡೀತು.

ಒಂದಿನ ಹನುಮಪ್ಪನ ಗುಡಿ ಹಿಂದಿನ ನಳದ ಕಡಿ ಹೋಗಿದ್ದೆ. ಕೊಡ ಸಾಲಿಗಿ ಇಟ್ಟಿದ್ದರು, ಇಪ್ಪತ್ತು ಮೂವತ್ತು ಕೊಡ. ಅಲ್ಲಿ ಒಬ್ಬಾಕಿ, ವಯಸ್ಸಿನಾಗ ನನಗಿಂತ ಭಾಳ ಸಣ್ಣಾಕಿ, ಸೆರಗು ಸೊಂಟಕ್ಕ ಸಿಗಿಸಿಕೊಂಡು ನನ್ನ ಮುಂದ ಬಂದಳು. "ಅಧ್ಯಕ್ಷರ, ಗುಡಿ ಹಿಂದಿನ ಓಣಿಗೆ ಹೊಸ ಪೈಪ್ ಹಾಕ್ಯಾರಂತ ಕಾಗದದಾಗ ಬರದದ. ನಿಮ್ಮ ಸಹಿ ಅದ ಅಂತ. ಆ ಪೈಪ್ ಎಲ್ಲಿ ಅದ ತೋರಸ್ರಿ, ಕೊಡ ಹಿಡೀತೀನಿ" ಅಂದಳು. ಅಕಿ ಮಗ ಎಂಟನೇತ್ತ ಇದ್ದ, ಪಂಚಾಯತಿ ಗ್ವಾಡಿಗಿ ಹಚ್ಚಿದ ಪಟ್ಟಿ ಓದ್ಕೊಂಡು ಹೋಗಿ ಅವ್ವಗ ಹೇಳಿದ್ದ. ನಾ ಏನೂ ಅನ್ನಲಿಲ್ಲ. ಏನಂಬೋದು? ನನಗೇ ಗೊತ್ತಿರಲಿಲ್ಲ. ಕೊಡ ತುಂಬೋ ಸಪ್ಪಳ ಬಿಟ್ಟರ ಆ ಜಾಗದಾಗ ಬ್ಯಾರೆ ಸಪ್ಪಳಿರಲಿಲ್ಲ.

ಮುಂದಿನ ಮೀಟಿಂಗಿಗೆ ಪುಸ್ತಕ ಬಂತು. ನಾ ಪೆನ್ನು ಹಿಡೀಲಿಲ್ಲ. "ಮೊದಲು ಬರೀರಿ, ಬರದದ್ದು ಜೋರ್ಲೆ ಓದ್ರಿ, ಎಲ್ಲರೂ ಕೇಳಲಿ, ಆಮ್ಯಾಲ ಸಹಿ" ಅಂದೆ. ನಕ್ಕರು. ಒಬ್ಬರು, "ಅಕ್ಕೋರಿಗೆ ಯಾರೋ ತಲಿ ತುಂಬ್ಯಾರ" ಅಂದ್ರು. ನಾ ಎದ್ದು ಬರಲಿಲ್ಲ. ಹದಿನಾಲ್ಕು ಠರಾವು. ಒಂದೊಂದು ಓದಿಸಿದೆ, ತಿಳೀದಿದ್ರ ಮತ್ತೊಮ್ಮೆ ಓದಿಸಿದೆ. ಬರದದ್ದರ ಕೆಳಗ ಖಾಲಿ ಉಳಿದ ಜಾಗಕ್ಕ ಗೆರಿ ಹೊಡಿಸಿದೆ, ಆಮ್ಯಾಲ ಯಾರೂ ತುಂಬಬಾರದಂತ. ಹೊತ್ತು ಮುಳುಗಿತು. ಬರ್ಕೊಳ್ಳೋರಿಗೆ ಊರಿಗಿ ಹೋಗೋ ಕೊನೀ ಬಸ್ಸು ತಪ್ಪಿತು, ನಮ್ಮ ಮನಿಯಾಗೇ ಉಂಡು ಮಲಗಿದರು. ಮನಿಯವರು ಜೀಪು ಬಿಟ್ಟು ನಡ್ಕೊಂಡೇ ಮನಿಗಿ ಹೋಗಿದ್ದರು, ಮೂರು ದಿನ ಮಾತಾಡಲಿಲ್ಲ.

ಪೈಪ್ ಕಥಿ ಪೂರಾ ಛಲೋ ಆಗಲಿಲ್ಲರಿ, ಸುಳ್ಳು ಯಾಕ ಹೇಳಲಿ. ಆರು ತಿಂಗಳಾದ ಮ್ಯಾಲ ಅರ್ಧ ಓಣಿಗೆ ಬಂತು. ಉಳಿದರ್ಧ ನಾ ಇಳಿಯೋತನಕ ಬರಲಿಲ್ಲ. ಹೋದ ರೊಕ್ಕ ಎಲ್ಲಿ ಹೋತು ಅಂತ ಯಾರೂ ಕೇಳಲಿಲ್ಲ, ನಾನೂ ಗಟ್ಟಿಯಾಗಿ ಕೇಳಲಿಲ್ಲ. ಸಹಿ ನನ್ನದೇ ಇತ್ತಲ್ಲ.

ಅದಕ್ಕ ಸಿಸ್ಟರ್, ಬ್ಯಾನಿ ತಿನ್ನೋ ಮುಂದ ತಮಗ ಬಾರದ ಭಾಷೆದ ಫಾರಂಗಿ ಸಹಿ ಹಾಕಿದ ಆ ಹೆಣ್ಮಕ್ಕಳೂ, ಬಿಳೀ ಹಾಳಿಗಿ ಸಹಿ ಹಾಕಿದ ನಾನೂ ಒಂದೇ ಅಂತ ನಾ ಹೇಳ್ಲಾರೆ. ಅವರಿಗೆ ಆದದ್ದು ಬ್ಯಾರೆ, ಅದು ತಿರುಗಿ ಬರಲಾರದ್ದು. ನನಗ ಓದಲಿಕ್ಕ ಬರ್ತಿತ್ತು, ಓದಲಿಲ್ಲ. ಹತ್ತು ನಿಮಿಷದಾಗ ಎರಡೂ ಹೇಳ್ತೀನಿ, ಮೊದಲು ಅವರದು, ಆಮ್ಯಾಲ ನನ್ನದು. ಪಿಡಿಒ ಸಾಹೇಬರ ಬೆಂಚಿನ ಅಜ್ಜಿದು ಕೂಡಿಸಲೇನು ಅಂತ ಇನ್ನೂ ವಿಚಾರ ಮಾಡ್ಲತ್ತೀನಿ, ಹೊತ್ತು ಸಾಲ್ಲಿಕ್ಕಿಲ್ಲ.

ತುಂಡು ಆರಿಸೀನಿ. ಮೊದಲನೇದು ಬಿಳೀ ಅರಿಬಿ, ಮ್ಯಾಲ ಕರೀ ದಾರದ ಸಾಲು, ಅದು ಫಾರಂ. ಎರಡನೇದು ಮೂರು ಕಡಿ ಹರಿದು ಮತ್ತ ಕೂಡಿಸಿ ಹೊಲಿದ ಹಸರು ತುಂಡು, ಅದು ಗೆರಿ ಎಳದ ವಾರ್ಡು. ಮೂರನೇದು ನನ್ನ ಮದಿವಿ ಸೀರಿ ಸೆರಗಿನ ರಾಣಿ ಬಣ್ಣ. ಆಳಂದದ ತಮ್ಮಾ, ನೀ ಬೆಂಚಿನ ಬಣ್ಣ ಹೇಳಿದಿ ನೋಡು, ಎದ್ದು ಪೆಟಿಗಿ ತಗದೆ. ಮೂವತ್ತೆಂಟು ವರ್ಷ ಇಟ್ಟಿದ್ದೆ, ಮಡಚಿದ ಕಡಿ ಝರಿ ಮುರಿದಿತ್ತು. ಕತ್ತರಿ ಹಾಕೋ ಮುಂದ ಕೈ ಒಂದೀಟು ನಡಗಿತು.

ನಾಕನೇದು ಆಗವಲ್ಲದು. ಆಸ್ಪತ್ರಿ ಹಾಸಿಗಿ ಮಾಡಲೇನು, ಎಲುಬಿನ ಸಂಗತಿ ಮಾಡಲೇನು?

ಭೀಮಾ ದಂಡಿಯವ, ಯಾದಗಿರಿ:

ಅಕ್ಕಾ, ಹಾಸಿಗಿ ಮಾಡ್ರಿ. ಎಲುಬಿಂದು ಬಾಯಿಲೆ ಹೇಳ್ರಿ, ಸಾಕು. ನೀವು ಪೈಪ್ ಕಥಿಯೊಳಗ ನಿಮ್ಮದೂ ತಪ್ಪು ಅಂತ ಹೇಳಿದಮ್ಯಾಲ ಅಕಿದೂ ಹೇಳಿದರ ಯಾರೂ ತಪ್ಪು ತಿಳ್ಕೊಳ್ಳೋದಿಲ್ಲ. ಆ ಕೊಡದಾಕಿ ಈಗ ಎಲ್ಲಿ ಅದಾಳ?

ಕೌದಿ ಅಕ್ಕ:

ಇಲ್ಲೇ ಅದಾಳ ತಮ್ಮಾ. ಈಗ ಅಕಿನೇ ಮೆಂಬರ್. ಸಭಾಕ್ಕ ನನ್ನ ಬಾಜೂಕೇ ಕೂಡ್ತಾಳ, ಕೌದಿ ಒಂದು ತುದಿ ಹಿಡ್ಕೊಳ್ಳೋಕಿ ಅಕಿನೇ.

ಆಳಂದದ ಹುಡುಗ, ಸದ್ಯ ಲಾಸ್ ಏಂಜಲೀಸ್:

ಅಕ್ಕಾ, ಕೌದಿ ಬಗ್ಗೆ ಒಂದು ಮರೆತಿದ್ದೆ. ಆಕೆ ಗೆಳತಿಯರ ಜೊತೆ ಸೇರಿ ಪೂರ್ವ ಲಾಸ್ ಏಂಜಲೀಸಿನಲ್ಲಿ ಕೌದಿ ಹೊಲಿಯೋರ ಬಳಗ ಕಟ್ಟಿದ್ದಳು. ಅದರ ಹೆಸರು ತೇಲಾಸ್. ಸ್ಪ್ಯಾನಿಷ್‌ನಲ್ಲಿ ತೇಲಾ ಅಂದರೆ ಅರಿವೆ. ಮತ್ತೆ ನಿಮ್ಮ ಸಂಘದವರು ಅಲ್ಲಿ ಏನು ಉಣ್ತಾರೆ ಅಂತ ಕೇಳಿಯೇ ಕೇಳ್ತಾರೆ. ಮೆಕ್ಕೆಜೋಳದ ಹಿಟ್ಟು ನಾದಿ ಹಂಚಿನ ಮೇಲೆ ಸುಡ್ತಾರೆ, ತೊರ್ತಿಯಾ ಅಂತಾರೆ. ನಮ್ಮ ರೊಟ್ಟಿಗಿಂತ ಸಣ್ಣದು.

ಕೌದಿ ಅಕ್ಕ:

ಇದನ್ನ ಮೊದಲೇ ಹೇಳಬಾರದೇನೋ! ನಮ್ಮವ್ವ ಕೌದಿ ಮುಗಿಸೋ ಮುಂದ ಕೊನೀ ಮೂಲಿ ಹೊಲೀದೇ ಬಿಟ್ಟು, ಅದರೊಳಗ ನಾಕು ಕಾಳು ಜೋಳ ಇಟ್ಟು ಬಾಯಿ ಮುಚ್ಚತಿದ್ದಳು. ಕೌದಿ ಹಸಿದಿರಬಾರದು ಅಂತಿದ್ದಳು. ನಾ ಮೂರು ಮೂಲಿ ಮುಗಿಸೀನಿ. ನಾಳಿ ಶಹಾಬಾದ್ ಸಂತ್ಯಾಗ ಮೆಕ್ಕೆಜೋಳ ಸಿಗತದೇನು ನೋಡ್ತೀನಿ, ಎರಡು ಕಾಳು ಅದು, ಎರಡು ಕಾಳು ನಮ್ಮದು.